ಒಡ್ಮಾರ್ ಪಿಗೆಯ ಹೊಸ ಪರ್ಪೆಚುಯಲ್ ಕ್ಯಾಲೆಂಡರ್: ಕಡ್ಡಿ ಬೇಡ, ಕೀ ಒಂದೇ ಸಾಕಂತೆ, ಏನಂತೀರಾ?

ಗಡಿಯಾರ_ಗಿರಿ

ಸ್ವಿಸ್ ವಾಚ್ ಕಂಪನಿ ಒಡ್ಮಾರ್ ಪಿಗೆ (ಎಪಿ) ಅವ್ರು ತಮ್ಮ 150ನೇ ವರ್ಷದ ಲೆಕ್ಕದಲ್ಲಿ 2025ರ ಫೆಬ್ರವರೀಲಿ ಬಿಟ್ಟ ಹೊಸ ಪರ್ಪೆಚುಯಲ್ ಕ್ಯಾಲೆಂಡರ್ ವಾಚಿನ ಬಗ್ಗೆ ಗ್ರೂಪಲ್ಲಿ ಬರೀ ರೇಟು, ಡಯಲ್ ಕಲರ್ರು, ರೀಸೇಲು ಇದೇ ಓಡ್ತಿದೆ, ಒಳಗಿನ ಮಷೀನ್ ಬಗ್ಗೆ ಯಾರೂ ಬಾಯೇ ಬಿಡ್ತಿಲ್ಲ. ಅದಕ್ಕೆ ಈ ಥ್ರೆಡ್.

ಹೊಸಬರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಸಾಮಾನ್ಯ ಡೇಟ್ ವಾಚು ಎಲ್ಲಾ ತಿಂಗಳಿಗೂ 31 ದಿನ ಅಂದ್ಕೊಂಡಿರುತ್ತೆ, ಜೂನ್ ಮುಗಿದಾಗ ನಾವೇ ಕೀ ಎಳೆದು ತಿರುಗಿಸ್ಬೇಕು. ಪರ್ಪೆಚುಯಲ್ ಕ್ಯಾಲೆಂಡರ್‌ಗೆ 30, 31, ಫೆಬ್ರವರಿ, ಲೀಪ್ ವರ್ಷ ಎಲ್ಲಾ ಗೊತ್ತು. ಹೆಂಗೆ ಗೊತ್ತು ಅಂದ್ರೆ ಹಳೇ ಸಂಪ್ರದಾಯದಲ್ಲಿ 4 ವರ್ಷಕ್ಕೆ ಒಂದು ಸುತ್ತು ಬರೋ ಒಂದು ಬಿಲ್ಲೆ ಇರುತ್ತೆ, ಅದರ ಅಂಚಲ್ಲಿ 48 ತಿಂಗಳ ಲೆಕ್ಕ ಕೊರೆದಿರ್ತಾರೆ. 31ರ ತಿಂಗಳಿಗೆ ತಗ್ಗಿಲ್ಲ, 30ಕ್ಕೆ ಸಣ್ಣ ತಗ್ಗು, ಫೆಬ್ರವರಿಗೆ ಆಳದ ತಗ್ಗು, ಲೀಪ್ ಫೆಬ್ರವರಿಗೆ ಅದಕ್ಕಿಂತ ಒಂಚೂರು ಮೇಲೆ. ಒಂದು ಲಿವರ್ರಿನ ಮೂಗು ಆ ಅಂಚನ್ನ ಮುಟ್ಟಿ ನೋಡುತ್ತೆ, ಎಷ್ಟು ಆಳ ಇಳೀತೋ ತಿಂಗಳ ಕೊನೇಲಿ ಅಷ್ಟು ದಿನ ಹಾರಿಸುತ್ತೆ. ಬ್ಯಾಟ್ರಿ ಇಲ್ಲ, ಚಿಪ್ ಇಲ್ಲ, ಬರೀ ಹಿತ್ತಾಳೆ ಸ್ಟೀಲು.

ಕಷ್ಟ ಇರೋದು ವಾಚು ನಿಂತಾಗ. ನಿಂತ್ರೆ ವಾರ, ತಾರೀಕು, ತಿಂಗಳು, ಚಂದ್ರ ಎಲ್ಲಾ ಮತ್ತೆ ಸೆಟ್ ಮಾಡ್ಬೇಕು. ಅದಕ್ಕೆ ಕೇಸಿನ ಪಕ್ಕದಲ್ಲಿ ಸೂಜಿ ಮೊನೆಯಷ್ಟು ಬಟನ್ನುಗಳು, ಅದನ್ನ ಒತ್ತೋಕೆ ಬಾಕ್ಸ್ ಜೊತೆ ಒಂದು ಕಡ್ಡಿ. ಕಡ್ಡಿ ಜಾರಿದ್ರೆ ಕೇಸ್ ಮೇಲೆ ಗೀರು, ರಾತ್ರಿ ಹೊತ್ತು ಒತ್ತಿದ್ರೆ ಒಳಗೆ ಡ್ಯಾಮೇಜು. ಎಪಿಯ ಈ ಹೊಸ ಮಷೀನು, ಕ್ಯಾಲಿಬರ್ 7138ರಲ್ಲಿ ಈ ಬಟನ್ನು ಒಂದೂ ಇಲ್ಲ, ಎಲ್ಲಾ ಕೀ ಒಂದರಿಂದಲೇ.

ಕೀಗೆ 4 ಜಾಗ ಇದೆ. ಒಳಗಿದ್ದಾಗ ತಿರುಗಿಸಿದ್ರೆ ಕೀ ಕೊಟ್ಟ ಹಾಗೆ. ಒಂದು ಮೆಟ್ಟಿಲು ಎಳೆದು ಬಲಕ್ಕೆ ತಿರುಗಿಸಿದ್ರೆ ತಾರೀಕು, ಎಡಕ್ಕೆ ತಿರುಗಿಸಿದ್ರೆ ತಿಂಗಳು ಮತ್ತೆ ಲೀಪ್ ವರ್ಷ. ಎರಡನೇ ಮೆಟ್ಟಿಲಲ್ಲಿ ಟೈಮು. ಮಜಾ ಇರೋದು ಮುಂದೆ, ಅಲ್ಲಿಂದ ಒಂದು ಮೆಟ್ಟಿಲು ವಾಪಸ್ ಒತ್ತಿದ್ರೆ ಮೊದಲಿನ ಜಾಗವೇ ಆದ್ರೂ ಕೆಲಸ ಬೇರೆ, ಈಗ ಬಲಕ್ಕೆ ವಾರ ಮತ್ತೆ ವರ್ಷದ ಎಷ್ಟನೇ ವಾರ ಅನ್ನೋ ನಂಬರ್, ಎಡಕ್ಕೆ ಚಂದ್ರ. ಅಂದ್ರೆ ಎಳೆದು ಬಂದ್ಯೋ ಒತ್ತಿ ಬಂದ್ಯೋ ಅನ್ನೋದು ಮಷೀನ್‌ಗೆ ನೆನಪಿರುತ್ತೆ. ಇಷ್ಟೆಲ್ಲಾ ಮೂವ್‌ಮೆಂಟಿನ (ಒಳಗಿನ ಮಷೀನಿನ) 4.1 ಎಂಎಂ ದಪ್ಪದೊಳಗೆ. ವಾಚು 41 ಎಂಎಂ, ಎಪಿಯ ರಾಯಲ್ ಓಕ್ ಮಾಡೆಲ್‌ನಲ್ಲಿ ದಪ್ಪ 9.5 ಎಂಎಂ.

ನನ್ನ ಪ್ರಕಾರ ಎಪಿ ಅವ್ರು ಬಹಳ ವರ್ಷದಿಂದ ಮಾಡಿರೋದ್ರಲ್ಲಿ ಕೆಲಸಕ್ಕೆ ಬರೋ ಹೊಸತು ಅಂದ್ರೆ ಇದೇ. ಹೊಳೆಯೋ ಹೊಸ ಕಲ್ಲು ಕೂರಿಸಿ ಹೊಸ ಮಾಡೆಲ್ ಅನ್ನೋದಕ್ಕಿಂತ ಸಾವಿರ ಪಾಲು ಮೇಲು.

ಕುಡ್ಲದ_ಬೊಂಡ

ವಾಚಿಗೆ ಒಂದು ಕೋಟಿ ಉಂಟಲ್ಲ ಮಾರ್ರೆ! ತಾರೀಕು ನೋಡ್ಲಿಕ್ಕೆ? ನಮ್ಮ ಮನೇಲಿ ಗೋಡೆ ಮೇಲೆ ಸೊಸೈಟಿಯವರು ಫ್ರೀ ಕೊಟ್ಟ ಕ್ಯಾಲೆಂಡರ್ ಉಂಟು, ಅದರಲ್ಲಿ ರಾಹುಕಾಲವೂ ಉಂಟು.

ಗಡಿಯಾರ_ಗಿರಿ

@ಕುಡ್ಲದ_ಬೊಂಡ ಹಹ, ರೇಟು ಲಕ್ಷ ಸ್ವಿಸ್ ಫ್ರಾಂಕ್ ಆಸುಪಾಸು, ನಮ್ಮ ದುಡ್ಡಲ್ಲಿ ಕೋಟಿ ದಾಟುತ್ತೆ ನಿಜ. ತಗೋಳಿ ಅಂತ ನಾನು ಹೇಳ್ತಿಲ್ಲ, ಇಲ್ಲಿ ಯಾರೂ ತಗೊಳಲ್ಲ ಅಂತ ನನಗೂ ಗೊತ್ತು. ಮಷೀನ್ ಬಗ್ಗೆ ಮಾತಾಡೋಕೆ ದುಡ್ಡು ಬೇಕಾ?

ರಿಪೇರಿ_ರಾಜಣ್ಣ

ಗಿರಿಯವರೇ ಆ ಬಟನ್ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮೈಸೂರಲ್ಲಿ ಅಪ್ಪನ ಕಾಲದಿಂದ ಅಂಗಡಿ ಇಟ್ಕೊಂಡಿರೋನು, ಎಚ್‌ಎಂಟಿ, ಫೇವರ್ ಲೂಬಾ, ಸೀಕೋ, ಈಟಿಎ ಮಷೀನ್ ಎಲ್ಲಾ ಬಿಚ್ತೀನಿ, ಪರ್ಪೆಚುಯಲ್ ಮಾತ್ರ ಮುಟ್ಟಲ್ಲ, ಯಾರೇ ತಂದ್ರೂ ಕೈ ಮುಗಿದು ಕಳಿಸ್ತೀನಿ. ನಮ್ಮ ಹಳೇ ಗಿರಾಕಿ ಒಬ್ಬರು ಡಾಕ್ಟ್ರು, ಮಗ ವಿದೇಶದಿಂದ ತಂದುಕೊಟ್ಟ ಪರ್ಪೆಚುಯಲ್ ಇತ್ತು, ಕಂಪನಿ ಹೆಸರು ಬೇಡ ಬಿಡಿ. ಊರಿಗೆ ಹೋಗಿ ಬರೋ ಹೊತ್ತಿಗೆ ನಿಂತಿತ್ತಂತೆ, ರಾತ್ರಿ ಊಟ ಮುಗಿಸ್ಕೊಂಡು ಕೂತು ಟೈಮ್ ಸರಿ ಮಾಡಿ ಆಮೇಲೆ ಕಡ್ಡಿ ತಗೊಂಡು ತಾರೀಕು ಒತ್ತಿದ್ದಾರೆ. ಆ ಹೊತ್ತಲ್ಲಿ ಡೇಟ್ ಹಾರಿಸೋ ಬೆರಳು ಆಗಲೇ ಹಲ್ಲಿಗೆ ಸಿಕ್ಕಿರುತ್ತೆ, ಮೇಲಿಂದ ನೀವು ಒತ್ತಿದ್ರೆ ಎರಡೂ ಕಡೆಯಿಂದ ಎಳೆದಾಟ, ಬೆರಳು ಬಾಗುತ್ತೆ ಇಲ್ಲಾ ಹಲ್ಲು ಮುರಿಯುತ್ತೆ. ನನ್ನ ಹತ್ರ ತಂದಾಗ ಮುಳ್ಳು ಓಡ್ತಿತ್ತು, ತಾರೀಕು ಮಾತ್ರ ಕದಲ್ತಿರಲಿಲ್ಲ. ಲೂಪ್ ಹಾಕ್ಕೊಂಡು ಹಿಂದಿನ ಗ್ಲಾಸಿಂದ ನೋಡಿದೆ, ಅಲ್ಲಿ ಏನೂ ಕಾಣಲ್ಲ, ಕ್ಯಾಲೆಂಡರ್ ಕೆಲಸ ಎಲ್ಲಾ ಡಯಲ್ ಕೆಳಗೆ. ಕಂಪನಿಗೆ ಹೋಯ್ತು, ಅಲ್ಲಿಂದ ಸ್ವಿಟ್ಜರ್‌ಲ್ಯಾಂಡಿಗೆ ಹೋಯ್ತು, ತಿಂಗಳುಗಟ್ಟಲೆ ಆಯ್ತು, ಬಿಲ್ಲು ನೋಡಿ ಡಾಕ್ಟ್ರಿಗೇ ಬಿಪಿ.

ಈ ಹೊಸದ್ರಲ್ಲಿ ಆ ಕಾಟ ಪೂರ್ತಿ ಹೋಯ್ತಾ ಇಲ್ಲ ರಾತ್ರಿ ಈಗಲೂ ತಿರುಗಿಸೋ ಹಾಗಿಲ್ವಾ?

ಗಡಿಯಾರ_ಗಿರಿ

ರಾಜಣ್ಣ, ಪೂರ್ತಿ ಹೋಗಿಲ್ಲ. ಡಯಲ್ ಎಡಗಡೆ 9 ಗಂಟೆ ಜಾಗದ ಸಣ್ಣ ಚಕ್ರದಲ್ಲಿ ವಾರದ ಜೊತೆ 24 ಗಂಟೆ ಮುಳ್ಳು ಕೊಟ್ಟಿದ್ದಾರೆ, ಅದರಲ್ಲಿ ರಾತ್ರಿ 9ರಿಂದ ಬೆಳಗಿನ ಜಾವ 3ರ ತನಕ ಕೆಂಪು ಪಟ್ಟಿ. ಮುಳ್ಳು ಕೆಂಪಲ್ಲಿದ್ರೆ ಕ್ಯಾಲೆಂಡರ್ ಮುಟ್ಬೇಡಿ ಅಂತ. ಮೊದಲು ಇದು ಮ್ಯಾನ್ಯುಯಲ್ ಪುಸ್ತಕದ ಯಾವುದೋ ಪೇಜಲ್ಲಿರ್ತಿತ್ತು, ಈಗ ಕಣ್ಣೆದುರಿಗೆ ಇದೆ.

ಮೇನ್‌ಸ್ಪ್ರಿಂಗ್_ಮಂಜು

ಸ್ವಲ್ಪ ತಣ್ಣೀರು ಹಾಕ್ತೀನಿ ಬೇಜಾರ್ ಮಾಡ್ಕೊಬೇಡಿ ಗುರು. ಕೀ ಒಂದರಿಂದಲೇ ಸೆಟ್ ಮಾಡೋದು ಎಪಿ ಕಂಡುಹಿಡಿದಿದ್ದಲ್ಲ. ಇನ್ನೊಂದು ಸ್ವಿಸ್ ಕಂಪನಿ ಐಡಬ್ಲ್ಯುಸಿಯ ವಾಚ್ ಮೇಕರ್ ಕುರ್ಟ್ ಕ್ಲಾಸ್ 1985ರಲ್ಲೇ ಡಾ ವಿಂಚಿ ಅನ್ನೋ ವಾಚಲ್ಲಿ ಮಾಡಿದ್ರು, ಕ್ಯಾಲೆಂಡರ್ ಸೆಟ್ ಮಾಡೋಕೆ ಪಕ್ಕದಲ್ಲಿ ಬಟನ್ನೇ ಇರಲಿಲ್ಲ. 1996ರಲ್ಲಿ ಯುಲಿಸ್ ನಾರ್ಡಿನ್ ಕಂಪನಿಗೆ ಲುಡ್ವಿಗ್ ಓಕ್ಸ್‌ಲಿನ್ ಮಾಡಿಕೊಟ್ಟಿದ್ದು ಇನ್ನೂ ಒಂದು ಹೆಜ್ಜೆ ಮುಂದೆ, ಕ್ಯಾಲೆಂಡರ್ ಮುಂದಕ್ಕೂ ಹೋಗುತ್ತೆ ಹಿಂದಕ್ಕೂ ಬರುತ್ತೆ. ಓಕ್ಸ್‌ಲಿನ್ ಬರೀ ವಾಚ್ ಮೇಕರ್ ಅಲ್ಲ, ಓದಿಕೊಂಡ ಮನುಷ್ಯ, ಅವ್ರ ಡಿಸೈನ್‌ನಲ್ಲಿ ಪಾರ್ಟ್ಸ್ ಎಷ್ಟು ಕಮ್ಮಿ ಇರುತ್ತೆ ಅಂದ್ರೆ ನೋಡಿದ್ರೆ ನಗು ಬರುತ್ತೆ. ಈಗ 2025ರಲ್ಲಿ ಎಪಿ ಬಂದು ನೋಡಿ ನೋಡಿ ಅಂದ್ರೆ?

ಗಡಿಯಾರ_ಗಿರಿ

ಮಂಜು ಒಳ್ಳೇ ಪಾಯಿಂಟು, ಆದ್ರೆ ಎರಡೂ ಒಂದೇ ಅಲ್ಲ. ಕುರ್ಟ್ ಕ್ಲಾಸ್ ಅವರದ್ದು ಎಲ್ಲಾ ಒಂದಕ್ಕೊಂದು ಕಟ್ಟಿಹಾಕಿದ ವ್ಯವಸ್ಥೆ, ನೀವು ತಾರೀಕು ಮುಂದೆ ತಳ್ಳಿದ್ರೆ ವಾರ, ತಿಂಗಳು, ವರ್ಷ, ಚಂದ್ರ ಎಲ್ಲಾ ಜೊತೇಲೇ ಹೋಗುತ್ತೆ. ಒಂದು ವಾರ ನಿಂತಿದ್ರೆ ಆರಾಮ, ವರ್ಷಗಟ್ಟಲೆ ನಿಂತಿದ್ರೆ ಒಂದೊಂದೇ ದಿನ ತಳ್ಳಿಕೊಂಡು ಬರಬೇಕು. ಅಪ್ಪಿತಪ್ಪಿ ಇವತ್ತಿಗಿಂತ ಮುಂದೆ ಹೋಯ್ತು ಅಂದ್ರೆ ಹಿಂದೆ ಬರೋ ದಾರಿ ಇಲ್ಲ, ಆ ದಿನ ಬರೋ ತನಕ ವಾಚು ನಿಲ್ಲಿಸಿ ಕಾಯ್ಬೇಕು. ಎಪಿಯಲ್ಲಿ ತಾರೀಕು ಬೇರೆ, ತಿಂಗಳು ಬೇರೆ, ವಾರ ಬೇರೆ, ಚಂದ್ರ ಬೇರೆ, ಯಾವುದು ಬೇಕೋ ಅದನ್ನ ಮಾತ್ರ ತಿರುಗಿಸಬಹುದು. ಓಕ್ಸ್‌ಲಿನ್ ವಿಷಯದಲ್ಲಿ ನೀವು ಹೇಳಿದ್ದು ಒಪ್ತೀನಿ, ಆ ಮನುಷ್ಯನಿಗೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ.

ಇನ್ನೊಂದು, ಎಪಿಯ ಹಿಂದಿನ 5134 ಮಷೀನಿನ ಬುಡ 1967ರ ಕ್ಯಾಲಿಬರ್ 2120. ಅದ್ಭುತ ತೆಳು ಮಷೀನ್, ಆದ್ರೆ ಓಡೋದು 40 ಗಂಟೆ. ಶುಕ್ರವಾರ ಸಂಜೆ ಬಿಚ್ಚಿಟ್ರೆ ಭಾನುವಾರ ಬೆಳಿಗ್ಗೆಯೇ ನಿಂತಿರುತ್ತೆ, ಮತ್ತೆ ಕಡ್ಡಿ ಹುಡುಕು. ಹೊಸದು 55 ಗಂಟೆ. ಅದೂ ಈ ಕಾಲಕ್ಕೆ ಜಾಸ್ತಿ ಅಲ್ಲ, ಸೋಮವಾರ ಬೆಳಿಗ್ಗೆ ತನಕ ಬರೋದು ಅನುಮಾನ. ಆದ್ರೆ ನಿಂತ್ರೂ ಈಗ ತಲೆಕೆಡಿಸ್ಕೊಬೇಕಿಲ್ಲ.

ಮೇನ್‌ಸ್ಪ್ರಿಂಗ್_ಮಂಜು

ಹ್ಞಾಂ ಆ ಒಂದೊಂದನ್ನೇ ತಿರುಗಿಸೋದು ಒಪ್ಪಿದೆ. ಆದ್ರೂ ಕೋಟಿ ರೂಪಾಯಿ ವಾಚಿಗೆ 55 ಗಂಟೆ ಕೊಡೋದು ಕಂಜೂಸ್‌ತನ.

ಪೇಢಾ_ಪಾಟೀಲ

ನಮಸ್ಕಾರ್ರೀ ಎಲ್ಲಾರಿಗೂ. ನಾ ಹೊಸಬ ಅದೀನಿ, ಒಂದ್ ಡೌಟ್ ಐತಿ. ಪರ್ಪೆಚುಯಲ್ ಅಂತಾರ, ಆದ್ರ ಎಲ್ಲೋ ಓದಿದ್ದೆ 2100ರಾಗ ತಪ್ತೈತಿ ಅಂತ. ಅಂದ್ಮ್ಯಾಗ ಇದು ಎಂಥಾ ಪರ್ಪೆಚುಯಲ್ರೀ?

ಗಡಿಯಾರ_ಗಿರಿ

ಪಾಟೀಲ್ರೇ ಬನ್ನಿ ಬನ್ನಿ. ನಮ್ಮ ಇಂಗ್ಲಿಷ್ ಕ್ಯಾಲೆಂಡರಿನ ರೂಲು ಏನಂದ್ರೆ 4ರಿಂದ ಭಾಗ ಹೋಗೋ ವರ್ಷ ಲೀಪು, ಆದ್ರೆ ಶತಮಾನದ ವರ್ಷ 400ರಿಂದಲೂ ಭಾಗ ಹೋಗ್ಬೇಕು. 2000 ಲೀಪ್ ಆಗಿತ್ತು, 2100 ಆಗಲ್ಲ. 48 ತಿಂಗಳ ಬಿಲ್ಲೆಗೆ ಇದು ಗೊತ್ತಿಲ್ಲ, ಅದು 2100ರ ಫೆಬ್ರವರಿ 28ರ ಮಾರನೇ ದಿನ 29 ತೋರಿಸುತ್ತೆ. ಅವತ್ತು ಒಂದು ದಿನ ಮುಂದೆ ತಳ್ಳಿದ್ರೆ ಮುಗೀತು, ಮತ್ತೆ 2200ರ ತನಕ ಚಿಂತೆ ಇಲ್ಲ.

ಇದನ್ನೂ ಸರಿ ಮಾಡಿದವರಿದ್ದಾರೆ. ಐಡಬ್ಲ್ಯುಸಿ 2024ರಲ್ಲಿ ಪೋರ್ಚುಗೀಸರ್ ಎಟರ್ನಲ್ ಕ್ಯಾಲೆಂಡರ್ ತಂದ್ರು, ಅದರಲ್ಲಿ 400 ವರ್ಷಕ್ಕೆ ಒಂದು ಸುತ್ತು ಬರೋ ಚಕ್ರ ಇದೆ! ಆ ವರ್ಷ ಜಿನೀವಾದ ಗ್ರ್ಯಾಂಡ್ ಪ್ರಿ ಅನ್ನೋ ವಾಚ್ ಸ್ಪರ್ಧೇಲಿ ದೊಡ್ಡ ಪ್ರಶಸ್ತಿನೂ ಅದಕ್ಕೇ ಹೋಯ್ತು. ಎಪಿ ಹತ್ರಾನೂ ಇದೆ, 2023ರ ಯೂನಿವರ್ಸೆಲ್ ಅನ್ನೋ ಭಾರೀ ವಾಚಲ್ಲಿ 2400ರ ತನಕ ಕೈ ಹಚ್ಚೋ ಹಾಗಿಲ್ಲ. ಆ ತಲೆ 7138ಗೆ ಹಾಕಿಲ್ಲ. ಹಾಕಿದ್ರೆ ದಪ್ಪ ಆಗ್ತಿತ್ತು, ರೇಟೂ ಏರ್ತಿತ್ತು.

ಪೇಢಾ_ಪಾಟೀಲ

2100ಕ್ಕ ನಮ್ಮ ಮೊಮ್ಮಗ ತಳ್ತಾನ ಬಿಡ್ರಿ. ವಾಚ್ ಒಂದ್ ಕೊಡಸ್ರಿ ಮೊದ್ಲ.

ಲೊಸಾನ್_ಲೋಕಿ

ಥ್ರೆಡ್ ನೋಡಿ ಖುಷಿ ಆಯ್ತು, ನಾನು ಕೆಲಸದ ಮೇಲೆ ಲೊಸಾನ್‌ನಲ್ಲಿರೋ ದಾವಣಗೆರೆಯವನು, ಈ ಎಪಿ ಇರೋ ಲೆ ಬ್ರಾಸ್ಯು ಹಳ್ಳಿಗೆ ಹೋಗಿದ್ದೀನಿ. ಹಳ್ಳಿ ಅಂದ್ರೆ ಹಳ್ಳಿನೇ, ರೈಲು ಹಳಿ ಅಲ್ಲಿಗೆ ಮುಗಿಯುತ್ತೆ. ಇಡೀ ಕಣಿವೆಗೆ ವಾಲೆ ದ ಜೂ ಅಂತಾರೆ, ಮಧ್ಯ ಒಂದು ಕೆರೆ, ಸುತ್ತ ಕಾಡು ಮತ್ತೆ ಹಸು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದ್ರೆ ಜನ ಅದರ ಮೇಲೆ ಸ್ಕೇಟಿಂಗ್ ಮಾಡ್ತಾರೆ. ಹಿಂದೆ ರಸ್ತೆ ಮುಚ್ಚಿಹೋದಾಗ ರೈತರಿಗೆ ತಿಂಗಳುಗಟ್ಟಲೆ ಕೆಲಸ ಇರ್ತಿರಲಿಲ್ಲ, ಮನೇಲಿ ಕಿಟಕಿ ಪಕ್ಕ ಕೂತು ಜಿನೀವಾದ ಸಾಹುಕಾರ್ರಿಗೆ ವಾಚಿನ ಬಿಡಿಭಾಗ ಮಾಡಿಕೊಡೋಕೆ ಶುರು ಮಾಡಿದ್ರು. ಅದರಿಂದಲೇ ಕ್ಯಾಲೆಂಡರ್, ಗಂಟೆ ಹೊಡೆಯೋ ವಾಚು ಇಂಥ ಕಷ್ಟದ ಕೆಲಸ ಎಲ್ಲಾ ಈ ಕಣಿವೆಗೇ ಅಂಟಿಕೊಂಡಿದ್ದು. ಜೂಲ್ ಲೂಯಿ ಒಡ್ಮಾರ್, ಎಡ್ವರ್ಡ್ ಒಗುಸ್ತ್ ಪಿಗೆ ಇಬ್ಬರೂ ಅಲ್ಲಿಯ ಹುಡುಗರೇ, 1875ರಲ್ಲಿ ಸೇರಿ ಕೆಲಸ ಶುರು ಮಾಡಿದ್ರು. ಇವತ್ತಿಗೂ ಆ ಮನೆತನಗಳ ಕೈಯಲ್ಲೇ ಇದೆ, ದೊಡ್ಡ ಗ್ರೂಪಿಗೆ ಮಾರಿಲ್ಲ.

ಅಲ್ಲಿಯ ಎಪಿ ಮ್ಯೂಸಿಯಂಗೆ ಮೊದಲೇ ಬುಕ್ ಮಾಡಿ ಹೋಗ್ಬೇಕು. 2020ರಲ್ಲಿ ತೆರೆದಿದ್ದು, ಆರ್ಕಿಟೆಕ್ಟ್ ಬ್ಯಾರ್ಕೆ ಇಂಗೆಲ್ಸ್ ಅವರ ಆಫೀಸಿನ ಡಿಸೈನು, ಹೇರ್‌ಸ್ಪ್ರಿಂಗ್ ಥರ ಸುರುಳಿ ಸುತ್ತಿದ ಗಾಜಿನ ಕಟ್ಟಡ, ಮೇಲೆ ಹುಲ್ಲು ಬೆಳೆಸಿದ್ದಾರೆ. ಒಳಗೆ ಗಾಜಿನ ಆಚೆ ನಿಜವಾದ ವಾಚ್ ಮೇಕರ್‌ಗಳು ಕೂತು ಕೆಲಸ ಮಾಡ್ತಿರ್ತಾರೆ, ನಾವು ಹೋದ್ರೂ ತಲೆ ಎತ್ತಲ್ಲ. ನನಗೆ ತಲೇಲಿ ಕೂತಿದ್ದು ಅಂದ್ರೆ ಅಂಚು ಪಾಲಿಶ್ ಮಾಡೋ ರೀತಿ. ಸಣ್ಣ ಸ್ಟೀಲ್ ತುಂಡಿನ ಅಂಚನ್ನ 45 ಡಿಗ್ರಿಗೆ ಅರದಲ್ಲಿ ಉಜ್ಜಿ, ಆಮೇಲೆ ಜೆನ್ಷಿಯನ್ ಅನ್ನೋ ಬೆಟ್ಟದ ಗಿಡದ ಒಣಗಿದ ಕಾಂಡ ಚೂಪು ಮಾಡಿ ಅದಕ್ಕೆ ಪೇಸ್ಟ್ ಹಚ್ಚಿ ತಿಕ್ಕೋದು ಇಲ್ಲಿಯ ಹಳೇ ಪದ್ಧತಿ. ಎರಡು ಅಂಚು ಒಳಗಡೆ ಮೂಲೇಲಿ ಸೇರೋ ಕಡೆ ಯಾವ ಮಷೀನಿಗೂ ಆ ಚೂಪು ಬರಲ್ಲ, ಕೈಯೇ ಬೇಕು. ನಮಗೂ ಒಂದು ತುಂಡು ಲೋಹ ಕೊಟ್ಟು ಸ್ಯಾಟಿನ್ ಗೆರೆ ಎಳೆಯಿರಿ ಅಂದ್ರು, ನೇರವಾಗಿ ಒಂದೇ ಒತ್ತಡದಲ್ಲಿ ಎಳೆಯೋದು ಅಷ್ಟೇ ಕೆಲಸ. ನಂದು ನೋಡಿ ಹೇಳಿಕೊಡ್ತಿದ್ದ ಮೇಡಂ ಬಹಳ ಮರ್ಯಾದೆಯಿಂದ "ಬೋನ್" (ಫ್ರೆಂಚಲ್ಲಿ ಸರಿ ಅಂತ) ಅಂದು ಪಕ್ಕಕ್ಕಿಟ್ರು.

ರಿಪೇರಿ_ರಾಜಣ್ಣ

ಲೋಕಿಯವರೇ ಹೊಟ್ಟೆ ಉರಿಸ್ಬೇಡಿ. ನಮ್ಮಲ್ಲೂ ಪಿವಟ್ (ಚಕ್ರದ ಅಚ್ಚಿನ ತುದಿ) ಕ್ಲೀನ್ ಮಾಡೋಕೆ ಪಿತ್‌ವುಡ್ ಅಂತ ಮೆತ್ತನೆ ಕಡ್ಡಿ ಬರುತ್ತೆ, ಅದೂ ಗಿಡದ ದಿಂಡೇ. ಎಷ್ಟು ದೊಡ್ಡ ಕಂಪನಿ ಆದ್ರೂ ಕೊನೆಗೆ ಕಡ್ಡಿ ಪುಳ್ಳೆನೇ ಗತಿ ನೋಡಿ.

ಜಾಲಹಳ್ಳಿ_ಜನತಾ

ನಾನು ಎಚ್‌ಎಂಟಿ ಕಾಲೋನಿ ಹುಡುಗ (ಈಗ ಹುಡುಗ ಅಲ್ಲ ಬಿಡಿ). ಈ ಎಪಿ ಕಥೇಲಿ ನನಗೆ ಕಾಡೋದು 1978. ಆಗ ಸೆಲ್ಲಲ್ಲಿ ಓಡೋ ಕ್ವಾರ್ಟ್ಜ್ ವಾಚು ಬಂದು ಸ್ವಿಸ್ ವಾಚು ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕ್ತಿದ್ವು. ಅಂಥ ಹೊತ್ತಲ್ಲಿ ಎಪಿಯ ಮೂರು ಜನ, ಮಿಷೆಲ್ ರೋಷಾ, ಜಾನ್ ಡೇನಿಯಲ್ ಗೋಲೆ, ವಿಲ್ಫ್ರೆಡ್ ಬೆರ್ನಿ, ಯಾರಿಗೂ ಹೇಳದೆ ಕೆಲಸದ ಹೊತ್ತಿನ ಆಚೆ ತೆಳ್ಳಗಿನ ಆಟೋಮ್ಯಾಟಿಕ್ ಪರ್ಪೆಚುಯಲ್ ಡಿಸೈನ್ ಮಾಡಿದ್ರು. ಆಮೇಲೆ ಬಾಸ್ ಜಾರ್ಜ್ ಗೋಲೆಗೆ ತೋರಿಸಿದ್ರು. ಆತ ಬೈಯೋದು ಬಿಟ್ಟು ಮಾಡಿ ಅಂದ. 3.95 ಎಂಎಂ ಮಷೀನು, ಆ ಕಾಲಕ್ಕೆ ಆಟೋಮ್ಯಾಟಿಕ್ ಪರ್ಪೆಚುಯಲ್‌ಗಳಲ್ಲಿ ಅದಕ್ಕಿಂತ ತೆಳು ಇರಲಿಲ್ಲ. ಎಲ್ರೂ ಸೆಲ್ ವಾಚು ಕಡೆ ಓಡ್ತಿದ್ದಾಗ ಇವ್ರು ಹಿಂದಕ್ಕೆ, ಇನ್ನೂ ಕಷ್ಟದ ಕಡೆಗೆ ಹೋದ್ರು. 1984ರಲ್ಲಿ ಅದೇ ಮಷೀನನ್ನ ರಾಯಲ್ ಓಕ್ ಕೇಸಿಗೆ ಕೂರಿಸಿದ್ರು.

ಅದೇ 1984ರಲ್ಲಿ ಟೈಟಾನ್ ಹುಟ್ಟಿದ್ದು, ಹೊಸೂರಲ್ಲಿ ಫ್ಯಾಕ್ಟರಿ, ಕ್ವಾರ್ಟ್ಜ್ ಮಾಡೆಲ್ಲು, ಚೆಂದದ ಶೋರೂಮು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಬೆಂಗಳೂರಲ್ಲಿ ಶುರುವಾದ ನಮ್ಮ ಎಚ್‌ಎಂಟಿ ವಾಚು ಫ್ಯಾಕ್ಟರಿಗೆ ಆಮೇಲೆ ಏನಾಯ್ತು ಅಂತ ಎಲ್ರಿಗೂ ಗೊತ್ತು, 2016ರಲ್ಲಿ ಮುಚ್ಚೋ ತೀರ್ಮಾನ ಆಯ್ತು. ಜನತಾ, ಪೈಲಟ್ ಎಲ್ಲಾ ಬಡವರ ಕೈಗೆ ಟೈಮ್ ಕೊಡೋ ವಾಚು, ಅದನ್ನ ಎಪಿ ಥರ ಶ್ರೀಮಂತರ ಆಟಿಕೆ ಮಾಡೋಕಾಗ್ತಿರಲಿಲ್ಲ, ಅದು ಬೇರೆ ಮಾತು. ಆದ್ರೆ ಕೈಯಲ್ಲಿ ಕೆಲಸ ಗೊತ್ತಿದ್ದ ಜನ ನಮ್ಮಲ್ಲೂ ಇದ್ರು, ಅವ್ರು ಮನೇಲಿ ಕೂತು ಏನಾದ್ರೂ ಡಿಸೈನ್ ಮಾಡ್ಕೊಂಡು ಬಂದಿದ್ರೆ ಹೂಂ ಅನ್ನೋ ಅಧಿಕಾರಿ ಎಲ್ಲಿದ್ದ?

ಮೇನ್‌ಸ್ಪ್ರಿಂಗ್_ಮಂಜು

@ಜಾಲಹಳ್ಳಿ_ಜನತಾ ಸಾರ್ ಕೊನೇ ಸಾಲು ಸ್ವಲ್ಪ ಖಾರ ಆಯ್ತು ಆದ್ರೆ ಲೈಕ್. ಟೈಟಾನೂ ಈಗ ಆ ಕಡೆಗೆ ಹೊರಟಿದೆ ನೋಡಿ, 2025ರಲ್ಲಿ ನೆಬುಲಾ ಜಲ್ಸಾ ಅಂತ ಫ್ಲೈಯಿಂಗ್ ಟೂರ್ಬಿಯಾನ್ (ಬ್ಯಾಲೆನ್ಸ್ ಚಕ್ರ ಇರೋ ಪಂಜರವೇ ಸುತ್ತೋ ಮೆಕ್ಯಾನಿಕಲ್ ವಾಚು) ಬಿಟ್ರು, 10 ಪೀಸು ಮಾತ್ರ, 40 ಲಕ್ಷದ ಮೇಲೆ. ಕ್ವಾರ್ಟ್ಜ್‌ನಿಂದ ಮನೆ ಕಟ್ಟಿದವರೇ ಈಗ ಮೆಕ್ಯಾನಿಕಲ್ ಅಂತಿದ್ದಾರೆ.

ಮಲ್ಲಿಗೆ_ಮೊಗ್ಗು

ನಾನು ಒಂದು ತಲೆಹರಟೆ ಪ್ರಶ್ನೆ ಕೇಳ್ಲಾ? ಇಂಗ್ಲಿಷ್ ಕ್ಯಾಲೆಂಡರ್ ಹಲ್ಲಿನ ಚಕ್ರದಲ್ಲಿ ಕೂತಿದೆ, ನಮ್ಮ ಪಂಚಾಂಗ ಕೂರಿಸಬಹುದಾ? ಚೈತ್ರ ವೈಶಾಖ, ತಿಥಿ, ಅಧಿಕ ಮಾಸ ಎಲ್ಲಾ. ನಮ್ಮತ್ತೆಯವರಿಗೆ ಅಂಥದ್ದೊಂದು ಇದ್ರೆ ಬೆಳಗಾಗೆದ್ದು ನನ್ನ ಫೋನ್ ಕಿತ್ಕೊಳೋದು ನಿಲ್ಲಿಸ್ತಾರೆ.

ಗಡಿಯಾರ_ಗಿರಿ

ಮೇಡಂ ಇದು ತಲೆಹರಟೆ ಅಲ್ಲ, ಇಡೀ ಥ್ರೆಡ್‌ನಲ್ಲಿ ಒಳ್ಳೇ ಪ್ರಶ್ನೆ ಇದೇ.

ಚೀನಾದವರದ್ದೂ ನಮ್ಮ ಥರ ಚಂದ್ರನ ತಿಂಗಳು, ಅಧಿಕ ಮಾಸ ಇರೋ ಲೆಕ್ಕ. ಬ್ಲಾಂಪಾನ್ 2012ರಲ್ಲಿ ಚೀನೀ ಕ್ಯಾಲೆಂಡರ್ ರಿಸ್ಟ್ ವಾಚು ಮಾಡಿದ್ರು, ಅದರಲ್ಲಿ ಅಧಿಕ ಮಾಸ ತೋರಿಸೋ ಕಿಂಡಿನೇ ಇದೆ. 2024ರಲ್ಲಿ ವಾಶೆರಾನ್ ಕಾನ್‌ಸ್ಟಾಂಟಿನ್ ಬರ್ಕ್ಲಿ ಅಂತ ಒಂದು ಜೇಬಿನ ಗಡಿಯಾರ ಮಾಡ್ಕೊಟ್ರು, ಜೇಬು ಅಂದ್ರೆ ಯಾರ ಜೇಬೋ, ಹತ್ರ ಹತ್ರ ಒಂದು ಕೆಜಿ ತೂಕ, 63 ಕಾಂಪ್ಲಿಕೇಶನ್ (ಟೈಮ್ ತೋರಿಸೋದು ಬಿಟ್ಟು ಬೇರೆ ಕೆಲಸಗಳು), 2,877 ಪಾರ್ಟ್ಸ್, 11 ವರ್ಷದ ಕೆಲಸ. ಅದರಲ್ಲಿ ಚೀನೀ ಕ್ಯಾಲೆಂಡರ್ 2200ರ ತನಕ ತಾನೇ ನಡೆಯುತ್ತೆ. 11 ವರ್ಷ ಯಾಕೆ ಬೇಕಾಯ್ತು ಅಂದ್ರೆ ಆ ಲೆಕ್ಕ ಪದೇ ಪದೇ ಒಂದೇ ಥರ ಸುತ್ತಲ್ಲ, ಅಧಿಕ ಮಾಸ ಯಾವ ವರ್ಷ ಯಾವ ತಿಂಗಳಿಗೆ ಬೀಳುತ್ತೆ ಅನ್ನೋದು ಸೂರ್ಯ ಚಂದ್ರ ಇಬ್ರನ್ನೂ ನೋಡಿ ಹೇಳ್ಬೇಕು, 4 ವರ್ಷದ ಬಿಲ್ಲೆ ಥರ ಚಿಕ್ಕ ಸುತ್ತಲ್ಲಿ ಮುಗಿಯಲ್ಲ.

ನಮ್ಮದು ಇನ್ನೂ ಒಂದು ಕೈ ಮೇಲೆ. ಅಧಿಕ ಮಾಸ 2023ರಲ್ಲಿ ಶ್ರಾವಣಕ್ಕೆ ಬಂತು, 2026ರಲ್ಲಿ ಜ್ಯೇಷ್ಠಕ್ಕೆ, ಅದನ್ನ ಹೇಗೋ ಬಿಲ್ಲೇಲಿ ಕೊರೆದ್ರೂ ತಿಥಿ ಇದೆಯಲ್ಲ, ಅದು ದಿನದ ಜೊತೆ ಹೋಗಲ್ಲ. ಒಂದು ತಿಥಿ 19 ಗಂಟೆ ಚಿಲ್ಲರೆನೂ ಇರಬಹುದು, 26 ಗಂಟೆ ಹತ್ರಾನೂ ಹೋಗಬಹುದು, ಚಂದ್ರ ಒಮ್ಮೆ ಜೋರು ಒಮ್ಮೆ ನಿಧಾನ ಹೋಗ್ತಾನೆ ಅದಕ್ಕೆ. ಅದರ ಮೇಲೆ ಸೂರ್ಯೋದಯದಲ್ಲಿ ಯಾವ ತಿಥಿ ಅನ್ನೋ ಲೆಕ್ಕ, ಅಂದ್ರೆ ಊರಿಂದ ಊರಿಗೂ ವ್ಯತ್ಯಾಸ. ದಿನಕ್ಕೊಂದು ಹಲ್ಲು ಹಾರಿಸೋ ಮಷೀನಿಗೆ ಇದು ಬಗ್ಗಲ್ಲ.

ಮಲ್ಲಿಗೆ_ಮೊಗ್ಗು

ಅಯ್ಯೋ ಮಷೀನ್ ಬಗ್ಗಿದ್ರೂ ಯಾವ ಪಂಚಾಂಗ ಹಾಕ್ತೀರಿ? ನಮ್ಮಮ್ಮನ ಮನೇಲಿ ಒಂಟಿಕೊಪ್ಪಲ್ಲು, ಅತ್ತೆ ಮನೇಲಿ ಮಠದ ಪಂಚಾಂಗ. ಏಕಾದಶಿ ಇವತ್ತೋ ನಾಳೆಯೋ ಅಂತ ಎರಡು ಮನೆ ನಡುವೆ ಫೋನು ಓಡ್ತಿರುತ್ತೆ. ಸ್ವಿಸ್‌ನವರು ಬಂದು ಸಿಕ್ಕಿಹಾಕ್ಕೊಂಡ್ರೆ ಕಷ್ಟ.

ಕುಡ್ಲದ_ಬೊಂಡ

ನಮ್ದು ಸೌರಮಾನ ಮಾರ್ರೆ, ಬಿಸುವಿಗೆ ಹೊಸ ವರ್ಷ. ಅಧಿಕ ಮಾಸದ ಗೊಡವೆ ಇಲ್ಲ. ತುಳುನಾಡು ಎಡಿಷನ್ ಮಾಡ್ಲಿಕ್ಕೆ ಸುಲಭ ಉಂಟು, ಹೇಳಿ ಅವ್ರಿಗೆ 😄

ಜಯನಗರ_ಫೋರ್ತ್_ಬ್ಲಾಕ್

ಮಧ್ಯ ಬರ್ತಿದ್ದೀನಿ ಸಾರಿ, ಆದ್ರೆ ರೇಟ್ ಮಾತು ಬಂದಿದ್ದಕ್ಕೆ. ಭಾರತ ಮತ್ತೆ ಸ್ವಿಟ್ಜರ್‌ಲ್ಯಾಂಡ್, ನಾರ್ವೆ ಎಲ್ಲಾ ಇರೋ ಇಎಫ್‌ಟಿಎ ಗುಂಪಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ, ಸ್ವಿಸ್ ವಾಚಿನ ಕಸ್ಟಮ್ಸ್ ಡ್ಯೂಟಿ 7 ವರ್ಷದಲ್ಲಿ ಹಂತ ಹಂತವಾಗಿ ಇಳಿಯುತ್ತೆ. ಮೊದಲು 20% ಡ್ಯೂಟಿ, ಮೇಲೆ ಸರ್‌ಚಾರ್ಜ್ ಸೇರಿ 22%, ಅದರ ಮೇಲೆ 18% ಜಿಎಸ್‌ಟಿ. ಅಂದ್ರೆ 100 ರೂಪಾಯಿ ಮಾಲು ಇಲ್ಲಿ ಇಳಿಯೋ ಹೊತ್ತಿಗೆ 144. ಡ್ಯೂಟಿ ಪೂರ್ತಿ ಸೊನ್ನೆ ಆದ್ಮೇಲೆ 118. ಇದು ಇಂಪೋರ್ಟ್ ಬೆಲೆ ಮೇಲಿನ ಲೆಕ್ಕ, ಅಂಗಡಿಯವರ ಮಾರ್ಜಿನ್ ಬೇರೆ, ಹಾಗಾಗಿ ಶೋರೂಮಲ್ಲಿ ಅಷ್ಟೇ ಇಳಿಯುತ್ತೆ ಅಂತ ಬಾಯಿ ಬಿಟ್ಕೊಂಡು ಕೂರ್ಬೇಡಿ. 10 ಲಕ್ಷ ದಾಟಿದ ವಾಚಿಗೆ 2025ರ ಏಪ್ರಿಲ್ 22ರಿಂದ 1% ಟಿಸಿಎಸ್ (ಮಾರೋವಾಗಲೇ ಅಂಗಡಿಯವರು ವಸೂಲಿ ಮಾಡೋ ತೆರಿಗೆ) ಕೂಡ ಇದೆ, ಅದು ಇನ್‌ಕಮ್ ಟ್ಯಾಕ್ಸಲ್ಲಿ ವಾಪಸ್ ಹೊಂದಿಸ್ಕೊಬಹುದು, ಹೆದರಬೇಕಿಲ್ಲ, ಆದ್ರೆ ಪ್ಯಾನ್ ನಂಬರ್ ಕೊಡ್ಬೇಕು, ಕೆಲವರಿಗೆ ಹೊಟ್ಟೆ ನೋವು ಅದೇ.

ಲೊಸಾನ್_ಲೋಕಿ

ಇಲ್ಲಿಂದ ತಗೊಂಡ್ ಬಾ ಅಂತ ನನಗೆ ಮೆಸೇಜ್ ಮಾಡೋರಿಗೆ ಇಲ್ಲೇ ಹೇಳ್ಬಿಡ್ತೀನಿ, ಆಗಲ್ಲ. ಇಲ್ಲಿಯ ವ್ಯಾಟ್ 8.1% ಟೂರಿಸ್ಟ್‌ಗೆ ವಾಪಸ್ ಸಿಗುತ್ತೆ ನಿಜ, ಆದ್ರೆ ಊರಿಗೆ ಇಳಿದಾಗ ರೆಡ್ ಚಾನೆಲಲ್ಲಿ ಹೋಗಿ ಡ್ಯೂಟಿ ಕಟ್ಲೇಬೇಕು. ಕೈಗೆ ಕಟ್ಕೊಂಡು ಬಂದ್ರೆ ಗೊತ್ತಾಗಲ್ಲ ಅನ್ನೋ ಐಡಿಯಾ ಇರೋರು ಪೇಪರ್ ಓದಿ. ಮತ್ತೆ ಎಪಿ ವರ್ಷಕ್ಕೆ ಮಾಡೋದೇ ಸುಮಾರು 50,000 ವಾಚು, ಹೆಚ್ಚಿನದು ಅವರದ್ದೇ ಬೂಟಿಕ್‌ನಲ್ಲಿ ಮಾರೋದು, ನಾನು ಹೋಗಿ ಒಂದು ಪರ್ಪೆಚುಯಲ್ ಕೊಡಿ ಅಂದ್ರೆ ನೀರು ಕೊಟ್ಟು ಕಳಿಸ್ತಾರೆ.

ಮೇನ್‌ಸ್ಪ್ರಿಂಗ್_ಮಂಜು

ಇದೇ ನನಗೆ ಆಗಲ್ಲ ನೋಡಿ. ದುಡ್ಡು ಇದ್ರೂ ಕೊಡಲ್ಲ, ಮೊದಲು ಬೇರೆ ವಾಚು ತಗೊಂಡು ಮುಖ ಪರಿಚಯ ಮಾಡ್ಕೊಬೇಕು. 150 ಅಂತ ಬರೆದ ಆನಿವರ್ಸರಿ ಎಡಿಷನ್ನಂತೂ ಒಂದೊಂದು ಮಾಡೆಲ್‌ಗೆ 150 ಪೀಸು, ಅದನ್ನ ತಗೊಂಡೋರಲ್ಲಿ ಎಷ್ಟು ಜನ ಕೀ ಎಳೆದು ತಿಂಗಳು ಸೆಟ್ ಮಾಡಿ ನೋಡ್ತಾರೆ? ಲಾಕರಲ್ಲಿ ಪ್ಲಾಸ್ಟಿಕ್ ಸ್ಟಿಕ್ಕರ್ ಕೂಡ ಕೀಳದೆ ಇಡ್ತಾರೆ. ಸುಲಭ ಮಾಡಿದ್ದು ಯಾರಿಗೋಸ್ಕರ ಹಾಗಾದ್ರೆ?

ಗಡಿಯಾರ_ಗಿರಿ

ಮಂಜು, ಲಾಕರ್ ಜನರ ಬಗ್ಗೆ ನಿಮ್ಮ ಸಿಟ್ಟು ನನಗೂ ಇದೆ. ಆದ್ರೆ ಮಷೀನ್ ಡಿಸೈನ್ ಒಮ್ಮೆ ಹೊರಬಂದ್ರೆ ಅಲ್ಲಿಗೇ ನಿಲ್ಲಲ್ಲ. ಲೀಪ್ ವರ್ಷದ ಮುಳ್ಳು ಡಯಲ್ ಮೇಲೆ ಇರೋ ರಿಸ್ಟ್ ವಾಚು ಮೊದಲು ಮಾಡಿದ್ದೂ ಎಪಿನೇ, 1955ರಲ್ಲಿ, ಬೆರಳೆಣಿಕೆ ಪೀಸು. ಇವತ್ತು ಹೆಚ್ಚುಕಮ್ಮಿ ಎಲ್ಲಾ ಪರ್ಪೆಚುಯಲ್‌ನಲ್ಲೂ ಅದು ಇರುತ್ತೆ, ಇಲ್ಲದಿದ್ರೆ ಸೆಟ್ ಮಾಡೋರು ಯಾವ ವರ್ಷ ಅಂತ ಕಣ್ಣು ಕಟ್ಟಿ ಒತ್ಬೇಕಿತ್ತು. 7138ರ ಬೇರೂ 2018ರ ಆರ್‌ಡಿ 2 ಅನ್ನೋ ಪ್ರೋಟೋಟೈಪಲ್ಲಿದೆ, ಅಲ್ಲಿ ಮೂರು ಅಂತಸ್ತಿನ ಕ್ಯಾಲೆಂಡರನ್ನ ಒಂದೇ ಅಂತಸ್ತಿಗೆ ಇಳಿಸಿದ್ರು, ತಿಂಗಳ ಕೊನೆ ನೋಡೋ ಬಿಲ್ಲೆಯನ್ನ ತಾರೀಕಿನ ಚಕ್ರಕ್ಕೇ ಸೇರಿಸಿದ್ರು. ಆಗ ವಾಚು 6.3 ಎಂಎಂ, ಅಬ್ಬ ಅಂದ್ರು ಎಲ್ರೂ, ಆದ್ರೆ ಸೆಟ್ ಮಾಡೋದು ಹಳೇ ಕಡ್ಡಿನೇ. ತೆಳು ಮಾಡಿ ಉಳಿಸಿದ ಜಾಗವನ್ನ ಈಗ ಕೀ ವ್ಯವಸ್ಥೆಗೆ ಖರ್ಚು ಮಾಡಿದ್ದಾರೆ. ನನಗೆ ಈ ಎರಡನೇ ನಿರ್ಧಾರವೇ ಇಷ್ಟ. ತೆಳು ರೆಕಾರ್ಡು ಪೇಪರಲ್ಲಿ ಚೆಂದ, ಸೆಟ್ ಮಾಡೋದು ವಾಚು ಕಟ್ಟೋನಿಗೆ.

ಡಯಲ್ ಕೂಡ ಗಮನಿಸಿ, ಮಧ್ಯದ ಮೇಲೆ ತಾರೀಕು, ಎಡಕ್ಕೆ ವಾರ, ಬಲಕ್ಕೆ ತಿಂಗಳು. ಎಡದಿಂದ ಬಲಕ್ಕೆ ಓದಿದ್ರೆ ವಾರ, ತಾರೀಕು, ತಿಂಗಳು. ಸೋಮವಾರವೂ ಒಂದನೇ ತಾರೀಕೂ ಅವುಗಳ ಚಕ್ರದ ನೆತ್ತಿ ಮೇಲೆ. ಹಿಂದಿನದ್ರಲ್ಲಿ ತಾರೀಕು ಹುಡುಕೋದೇ ಒಂದು ಕೆಲಸ.

ರಿಪೇರಿ_ರಾಜಣ್ಣ

ಒಂದು ಕೊನೇ ಪ್ರಶ್ನೆ ಗಿರಿಯವರೇ. ಇದು ಎರಡು ತಿಂಗಳು ಬೀರುವಲ್ಲಿ ನಿಂತಿತ್ತು ಅಂತ ಇಟ್ಕೊಳಿ. ಯಾವ ಆರ್ಡರಲ್ಲಿ ಸೆಟ್ ಮಾಡ್ಬೇಕು? ವಾಚನ್ನ ತಿರುಗಿಸ್ತಾ ನಿಲ್ಲದ ಹಾಗೆ ಇಡೋ ಆಟೋಮ್ಯಾಟಿಕ್ ವೈಂಡರ್ ಬಾಕ್ಸ್ ತಗೊಳ್ಳಿ ಅಂತ ಗಿರಾಕಿಗಳಿಗೆ ಹೇಳೋರು ಜಾಸ್ತಿ, ನಾನಂತೂ ಬೇಡ ಅಂತೀನಿ. ಸುಮ್ನೆ ಓಡಿಸಿದ್ರೆ ಎಣ್ಣೆ ಒಣಗೋದು ತಪ್ಪಲ್ಲ, ಸವೆತ ಮಾತ್ರ ಜಾಸ್ತಿ.

ಗಡಿಯಾರ_ಗಿರಿ

ಮೊದಲು ಕೀ ಒಳಗಿಟ್ಟುಕೊಂಡೇ ಚೆನ್ನಾಗಿ ಕೀ ಕೊಡಿ. ಆಮೇಲೆ ಎರಡು ಮೆಟ್ಟಿಲು ಎಳೆದು ಮುಳ್ಳನ್ನ ಮುಂದಕ್ಕೆ ತಿರುಗಿಸಿ ಕೆಂಪು ಪಟ್ಟಿಯಿಂದ ಆಚೆ ತನ್ನಿ, ಬೆಳಿಗ್ಗೆ 10ಕ್ಕೆ ನಿಲ್ಲಿಸಿದ್ರೆ ಸೇಫು. ಅಲ್ಲಿಂದ ಒಂದು ಮೆಟ್ಟಿಲು ಒತ್ತಿ ಬಲಕ್ಕೆ ತಿರುಗಿಸಿ ವಾರ ಕೂರಿಸಿ, ಎಡಕ್ಕೆ ತಿರುಗಿಸಿ ಚಂದ್ರ. ಚಂದ್ರನಿಗೆ ಹಿಂದಿನ ಹುಣ್ಣಿಮೆ ಯಾವತ್ತು ಅಂತ ನೋಡ್ಕೊಂಡು ಅಲ್ಲಿಂದ ಎಣಿಸಿ, ಇಲ್ಲಿ ನಮ್ಮ ಪಂಚಾಂಗ ಕೆಲಸಕ್ಕೆ ಬರುತ್ತೆ. ಕೀ ಪೂರ್ತಿ ಒಳಗೊತ್ತಿ, ಮತ್ತೆ ಒಂದೇ ಮೆಟ್ಟಿಲು ಎಳೆದು ಎಡಕ್ಕೆ ತಿಂಗಳು ಮತ್ತೆ ಲೀಪ್ ವರ್ಷ, ಆಮೇಲೆ ಬಲಕ್ಕೆ ತಾರೀಕು. ತಿಂಗಳು ಮೊದಲು ತಾರೀಕು ಆಮೇಲೆ, ಇಲ್ಲದಿದ್ರೆ 31 ಇಟ್ಟು ಫೆಬ್ರವರಿಗೆ ಹೋಗಿ ಕೂತ್ಕೊಳುತ್ತೆ. ಕೊನೇಲಿ ಸರಿಯಾದ ಟೈಮು. ಮಧ್ಯಾಹ್ನದ ಮೇಲೆ ಆಗಿದ್ರೆ ಮುಳ್ಳು 12 ದಾಟಿಸೋದು ಮರೀಬೇಡಿ, ಇಲ್ಲಾಂದ್ರೆ ಮಧ್ಯಾಹ್ನ ತಾರೀಕು ಬದಲಾಗುತ್ತೆ. ವೈಂಡರ್ ವಿಷಯದಲ್ಲಿ ನಿಮ್ಮ ಮಾತೇ ನನ್ನದು, ಇಷ್ಟು ಸುಲಭ ಆದ್ಮೇಲೆ ಅದು ದಂಡ.

ರಿಪೇರಿ_ರಾಜಣ್ಣ

ಸರಿ ಬರ್ಕೊಂಡೆ. ನಮ್ಮ ಡಾಕ್ಟ್ರಿಗೆ ವಾಟ್ಸಾಪ್ ಮಾಡ್ತೀನಿ, ಅವ್ರ ಮಗ ಈ ದೀಪಾವಳಿಗೆ ಬರ್ತಾನಂತೆ.

ಕುಡ್ಲದ_ಬೊಂಡ

ಮಗನಿಗೆ ತಮ್ಮ ಬೇಕಾ ಅಂತ ಕೇಳಿ ರಾಜಣ್ಣ, ನಾನು ರೆಡಿ ಉಂಟು.